ಗಾಜು ಹೋಯಿತು, ಐಸು ಉಳಿಯಿತು

ನಮ್ಮನೆಯವರು ಆಸ್ಪತ್ರೆಯಲ್ಲಿ ರಕ್ತ ಹೊರುವ ಕೆಲಸ ಮಾಡುತ್ತಿದ್ದರು. ಡಾಕ್ಟರು ರೋಗಿಯ ಕೈಯಿಂದ ತೆಗೆದ ರಕ್ತವನ್ನು ವಾರ್ಡಿನಿಂದ ಲ್ಯಾಬಿಗೆ ಮುಟ್ಟಿಸುವುದು. ಇಪ್ಪತ್ತೆಂಟು ವರ್ಷ ಅದನ್ನೇ ಮಾಡಿದರು.

ಅವರು ಹೋಗಿ ಮೂರು ತಿಂಗಳಾಯಿತು. ಹೋದದ್ದೂ ಅದೇ ಆಸ್ಪತ್ರೆಯಲ್ಲಿ. ಉಸಿರು ಸಾಲುತ್ತಿಲ್ಲ ಅಂದಾಗ ಸೇರಿಸಿದೆ. ನಾಲ್ಕು ದಿನ ಇದ್ದರು. ದಿನಕ್ಕೆ ಎರಡು ಸಲ ಅವರ ಮಣಿಕಟ್ಟಿನಿಂದಲೂ ರಕ್ತ ತೆಗೆದರು. ಅದನ್ನು ಒಯ್ಯಲು ಬಂದ ಹೆಂಗಸನ್ನು ಪ್ರತಿ ಸಲ ಕೇಳುತ್ತಿದ್ದರು.

"ಐಸಲ್ಲಿ ಇಡ್ತೀಯಾ?"

"ಇಲ್ಲ ಅಣ್ಣಾ. ಈಗ ಯಾರೂ ಇಡಲ್ಲ."

"ಇಡಬೇಡ. ಬೇಗ ಹೋಗು."

ಮೂರನೇ ದಿನ ಮಧ್ಯಾಹ್ನ ಬಾಯಿ ಮೇಲಿನ ಆಮ್ಲಜನಕದ ಮಾಸ್ಕು ಸರಿಸಿ ನನ್ನ ಕಡೆ ನೋಡಿದರು. ನೀರು ಬೇಕೇನೋ ಅಂತ ಲೋಟ ತೆಗೆದುಕೊಂಡೆ. "ಅವತ್ತು ಎಷ್ಟು ನಿಮಿಷ ಆಗಿತ್ತೋ," ಅಂದರು. ಆಮೇಲೆ ಮಾಸ್ಕನ್ನು ತಾವೇ ಸರಿಮಾಡಿಕೊಂಡರು. ಮತ್ತೆ ಮಾತಾಡಲಿಲ್ಲ. ಮರುದಿನ ಬೆಳಗ್ಗೆ ಹೋಗಿಬಿಟ್ಟರು.

ಅವತ್ತು ಅಂದರೆ ಯಾವತ್ತು ಅಂತ ನನಗೆ ಗೊತ್ತಿತ್ತು. ಆರು ವರ್ಷದಿಂದ ನಮ್ಮ ಮನೆಯಲ್ಲಿ ಆ ಒಂದು ದಿನ ನಮ್ಮ ಜೊತೆ ಉಣ್ಣುತ್ತಿತ್ತು, ನಮ್ಮ ಜೊತೆ ಮಲಗುತ್ತಿತ್ತು. ಎಷ್ಟು ನಿಮಿಷ ಅನ್ನುವುದು ಮಾತ್ರ ನನಗೂ ಗೊತ್ತಿರಲಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆಸ್ಪತ್ರೆಯಲ್ಲಿ ಸಿರಿಂಜು ತೊಳೆಯುವ ಕೋಣೆಗೆ ಸೇರಿದಾಗ ನನಗೆ ಇಪ್ಪತ್ತು ವರ್ಷ. ಆಗ ಎಲ್ಲವೂ ಗಾಜಿನ ಸಿರಿಂಜು. ಹೊರಗೆ ಒಂದು ಕೊಳವೆ, ಒಳಗೆ ಒಂದು ದಂಡ. ಎರಡರ ಮೇಲೂ ಒಂದೇ ನಂಬರು ಕೊರೆದಿರುತ್ತದೆ. ನಲವತ್ತೊಂದರ ಕೊಳವೆಗೆ ನಲವತ್ತೊಂದರ ದಂಡವೇ ಹೋಗಬೇಕು. ಬೇರೆಯದು ಹಾಕಿದರೆ ಒಂದೋ ಬಿಗಿಯಾಗಿ ಕೂರುತ್ತದೆ, ಇಲ್ಲವೇ ಸೋರುತ್ತದೆ. ತೊಳೆದು, ಕುದಿಸಿ, ಒಣಗಿಸಿ, ನಂಬರು ನೋಡಿ ಜೋಡಿ ಮಾಡಿ ಬಟ್ಟೆಯಲ್ಲಿ ಸುತ್ತಿ ಕೊಡುವುದು ನನ್ನ ಕೆಲಸ. ಅಕ್ಷರ ಓದಲು ತಡವರಿಸುತ್ತಿದ್ದೆ. ನಂಬರು ಮಾತ್ರ ತಪ್ಪುತ್ತಿರಲಿಲ್ಲ.

ಲ್ಯಾಬಿನಿಂದ ಬಳಸಿದ ಸಿರಿಂಜು ವಾಪಸ್ ತರುತ್ತಿದ್ದವರು ಇವರು. ಒಂದು ದಿನ ಎಲ್ಲ ಜೋಡಿ ಕಲಸಿ ತಂದು ಸುರಿದರು.

"ಇದೇನ್ರೀ ಇದು, ಹದಿನೇಳಕ್ಕೆ ಅರವತ್ತೆರಡನ್ನ ಕಟ್ಟಿಕೊಂಡು ಬಂದಿದೀರಲ್ಲ?"

"ಜಾತಕ ನೋಡಿ ಜೋಡಿ ಮಾಡೋರು ನೀವು. ನಾನು ಬರೀ ದಿಬ್ಬಣ ಕರ್ಕೊಂಡು ಬರೋನು."

"ದಿಬ್ಬಣಾನ ದಾರೀಲಿ ಬೀಳಿಸಿದ್ರೆ ಯಾರು ಕಟ್ಟಿಕೊಡ್ತಾರೆ? ಎರಡು ಒಡೆದಿವೆ."

ಹಾಗೆ ಆರು ತಿಂಗಳು ಜಗಳ ಆಡಿದೆವು. ಆಮೇಲೆ ಮದುವೆ ಆದೆವು. ಮಕ್ಕಳಾಗಲಿಲ್ಲ.

ಅವರ ಹೆಗಲಿಗೆ ಯಾವಾಗಲೂ ಒಂದು ತಗಡಿನ ಡಬ್ಬ ತೂಗುತ್ತಿತ್ತು. ಒಳಗೆ ಥರ್ಮೋಕೋಲು ಅಂಟಿಸಿ ತಾವೇ ಮಾಡಿಕೊಂಡದ್ದು. ಅದರಲ್ಲಿ ಐಸು. ಎಲ್ಲ ರಕ್ತಕ್ಕೂ ಅದು ಬೇಕಿರಲಿಲ್ಲ. ಉಸಿರಿನ ಕಾಯಿಲೆಯವರಿಗೆ ಮಣಿಕಟ್ಟಿನ ಒಳಗಿನ ನಾಡಿಯಿಂದ ತೆಗೆಯುವ ರಕ್ತ ಒಂದಿದೆ. ಅದರಲ್ಲಿ ಎಷ್ಟು ಆಮ್ಲಜನಕ ಇದೆ ಅಂತ ಯಂತ್ರ ಹೇಳುತ್ತದೆ. ಅದನ್ನು ನೋಡಿ ಡಾಕ್ಟರು ಮಾಸ್ಕು ಇರಲೋ ತೆಗೆಯಲೋ ಅಂತ ತೀರ್ಮಾನ ಮಾಡುತ್ತಾರೆ. ಆ ರಕ್ತಕ್ಕೆ ಐಸು.

ಯಾಕೆ ಅಂತ ಮದುವೆಯಾದ ಹೊಸದರಲ್ಲಿ ಕೇಳಿದ್ದೆ.

"ರಕ್ತ ಮೈಯಿಂದ ಹೊರಗೆ ಬಂದರೂ ಉಸಿರಾಡ್ತಾ ಇರತ್ತೆ ಕಣೇ. ಸಿರಿಂಜಲ್ಲಿ ಇರೋ ಆಮ್ಲಜನಕಾನ ತಾನೇ ತಿಂದು ಮುಗಿಸತ್ತೆ. ಲ್ಯಾಬಿಗೆ ಹೋಗೋ ಹೊತ್ತಿಗೆ ಕಮ್ಮಿ ತೋರಿಸತ್ತೆ. ಐಸಲ್ಲಿ ಇಟ್ರೆ ಮಲಗಿಬಿಡತ್ತೆ."

ಹಳೆಯ ದೊಡ್ಡ ಡಾಕ್ಟರು ಅವರಿಗೆ ಹೇಳಿಕೊಟ್ಟದ್ದು ಅದು. ಐಸಿನ ತುಂಡಿಗೆ ಸಿರಿಂಜು ನೇರ ತಗುಲಬಾರದು, ರಕ್ತ ಒಡೆದುಹೋಗುತ್ತದೆ. ಐಸನ್ನು ಕುಟ್ಟಿ ನೀರು ಬೆರೆಸಿ ಅಂಬಲಿಯ ಹಾಗೆ ಮಾಡಿಕೊಂಡು, ನಡುವೆ ಬಟ್ಟೆ ಸುತ್ತಿದ ಸಿರಿಂಜು ಇಡಬೇಕು. ಬೆಳಗ್ಗೆ ಹೋದ ಕೂಡಲೇ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೂತು ಮರದ ಸುತ್ತಿಗೆಯಿಂದ ಐಸು ಕುಟ್ಟುತ್ತಿದ್ದರು. ಇಡೀ ಆಸ್ಪತ್ರೆ ಅವರನ್ನು ಐಸ್‌ಪೆಟ್ಟಿಗೆ ಅಂತ ಕರೆಯುತ್ತಿತ್ತು. ಅವರಿಗೆ ಅದು ಬೈಗುಳ ಅನ್ನಿಸಲಿಲ್ಲ.

ಇನ್ನೊಂದು ಅಭ್ಯಾಸ ಇತ್ತು. ವಾರ್ಡಿನಿಂದ ಲ್ಯಾಬಿಗೆ ಎರಡು ಮೆಟ್ಟಿಲಸಾಲು, ಒಂದು ಉದ್ದದ ವರಾಂಡ, ಅಂಗಳ ದಾಟಿ ಇನ್ನೊಂದು ಕಟ್ಟಡ. ರಕ್ತ ತೆಗೆದ ಹೊತ್ತನ್ನು ಚೀಟಿಯಲ್ಲಿ ಸಿಸ್ಟರ್ ಬರೆದುಕೊಡುತ್ತಿದ್ದರು. ಅಲ್ಲಿಂದ ಯಂತ್ರಕ್ಕೆ ಹೋಗುವ ತನಕ ಎಷ್ಟಾಯಿತು ಅಂತ ಇವರು ಲೆಕ್ಕ ಇಡುತ್ತಿದ್ದರು. ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತ, ನಾನು ಒಳಗೆ ಎಲ್ಲಿದ್ದರೂ ಕೇಳುವ ಹಾಗೆ, ಆ ದಿನದ ಕೊನೆಯ ರಕ್ತದ ಲೆಕ್ಕ ಹೇಳುತ್ತಿದ್ದರು.

"ಇವತ್ತು ಆರು ನಿಮಿಷ."

ಆರು, ಏಳು ಆದರೆ ನಾನು ಸುಮ್ಮನಿರುತ್ತಿದ್ದೆ. ಎಂಟು ದಾಟಿದರೆ ಒಲೆಯ ಮುಂದಿನಿಂದಲೇ ಕೂಗುತ್ತಿದ್ದೆ.

"ಯಾಕೆ, ದಾರೀಲಿ ಮಲಗಿದ್ರಾ?"

"ಲಿಫ್ಟಿನ ಹತ್ರ ಸ್ಟ್ರೆಚರ್ ಅಡ್ಡ ಇತ್ತು ಕಣೇ."

"ಅದರ ಮೇಲೇ ಮಲಗಿದ್ರಾ?"

ಬೇರೆ ಗಂಡಂದಿರು ಮನೆಗೆ ಬಂದು ಏನು ಹೇಳುತ್ತಾರೋ ನನಗೆ ಗೊತ್ತಿಲ್ಲ. ನಮ್ಮಲ್ಲಿ ಇದೇ ಮಾತು.

ಆಮೇಲೆ ಪ್ಲಾಸ್ಟಿಕ್ ಸಿರಿಂಜು ಬಂತು. ಒಂದು ಸಲ ಬಳಸಿ ಎಸೆಯುವುದು. ತೊಳೆಯುವ ಕೋಣೆಗೆ ಬೀಗ ಬಿತ್ತು. ನನ್ನನ್ನು ಬಟ್ಟೆ ಮಡಚುವ ಕಡೆ ಹಾಕಿದರು. ಗಾಜಿನ ಸಿರಿಂಜುಗಳನ್ನು ಮೂಟೆ ಕಟ್ಟಿ ಎಲ್ಲಿಗೋ ಸಾಗಿಸಿದರು. ನಾನು ನಿಂತು ನೋಡಿದೆ. ಎಲ್ಲ ಜೋಡಿಯನ್ನೂ ಕಲಸಿಯೇ ತುಂಬಿದ್ದರು.

ಗಾಜು ಹೋಯಿತು. ಐಸು ಹೋಗಲಿಲ್ಲ. ಗಾಜಿನ ಜೊತೆ ಅದೂ ಹೋಗಬೇಕು ಅಂತ ಯಾರೂ ಹೇಳಲಿಲ್ಲ. ಹೇಳಿಕೊಟ್ಟ ದೊಡ್ಡ ಡಾಕ್ಟರು ಅಷ್ಟರಲ್ಲಿ ನಿವೃತ್ತಿ ಆಗಿದ್ದರು. ಇವರು ಎಂದಿನಂತೆ ಐಸು ಕುಟ್ಟಿದರು, ಡಬ್ಬಕ್ಕೆ ತುಂಬಿದರು, ಪ್ಲಾಸ್ಟಿಕ್ ಸಿರಿಂಜಿಗೆ ಅದೇ ಬಟ್ಟೆ ಸುತ್ತಿ ಒಳಗಿಟ್ಟರು, ಓಡಿದರು. ಹನ್ನೊಂದು ವರ್ಷ. ಲ್ಯಾಬಿನವರು ಹೊಗಳುತ್ತಲೇ ಇದ್ದರು. ಇಷ್ಟು ಜೋಪಾನ ಯಾರು ಮಾಡ್ತಾರೆ ಅಂತ.

ಹನ್ನೊಂದನೇ ವರ್ಷದಲ್ಲಿ ಆರನೇ ಹಾಸಿಗೆಗೆ ಒಬ್ಬ ದರ್ಜಿ ಬಂದ. ಇವರದೇ ವಯಸ್ಸು. ಶ್ವಾಸಕೋಶ ಕೆಟ್ಟಿತ್ತು. ಮಾಸ್ಕು ಹಾಕಿಕೊಂಡೇ ವಟವಟ ಮಾತಾಡುತ್ತಿದ್ದ. ಒಂದು ಸಲ ನಾನು ಬಟ್ಟೆ ಕೊಡಲು ಆ ವಾರ್ಡಿಗೆ ಹೋಗಿದ್ದಾಗ ಇಬ್ಬರ ಮಾತು ಕೇಳಿಸಿತು.

"ಬಂದ ನೋಡಿ ಐಸ್‌ಕ್ಯಾಂಡಿ. ದಿನಾ ನನ್ನ ರಕ್ತ ಒಯ್ತೀಯಲ್ಲ, ಎಲ್ಲಿ ಮಾರ್ತೀಯಪ್ಪಾ?"

"ಯಾರ್ ತಗೋತಾರೆ? ನಿನ್ನ ಸಿರಿಂಜು ಬಿಚ್ಚಿದ್ರೆ ಬರೀ ಬೀಡಿ ಹೊಗೆ ಬರತ್ತೆ."

"ಹೊಗೆನೂ ಐಸಲ್ಲಿಟ್ಟು ಒಯ್ಯೋನು ನೀನೊಬ್ಬನೇ. ಏಯ್, ತಿರುಗು ಸ್ವಲ್ಪ. ಹಾಗೇ ನಿಂತ್ಕೋ. ನಿನ್ನ ಎಡ ಹೆಗಲು ಒಂದು ಬೆರಳು ತಗ್ಗು."

"ಸುಮ್ನಿರಯ್ಯಾ."

"ಡಬ್ಬ ಹೊತ್ತು ಹೊತ್ತು ಹಾಗಾಗಿದೆ. ಯಾರೂ ಹೇಳಿಲ್ವಾ? ನಿನ್ನ ಶರ್ಟೆಲ್ಲ ಅದಕ್ಕೇ ಒಂದು ಕಡೆ ಜಗ್ಗೋದು. ಇಲ್ಲಿಂದ ಎದ್ದ ಮೇಲೆ ಅದಕ್ಕೆ ತಕ್ಕ ಹಾಗೆ ಒಂದು ಹೊಲಿದುಕೊಡ್ತೀನಿ."

ನನಗೆ ನಾಚಿಕೆ ಆಯಿತು. ಅಷ್ಟು ವರ್ಷ ಅವರ ಶರ್ಟು ಒಗೆದವಳು ನಾನು. ಎಡ ಹೆಗಲು ಬೇಗ ಸವೆಯುವುದು ಕಂಡಿತ್ತು. ಯಾಕೆ ಅಂತ ಯೋಚಿಸಿರಲಿಲ್ಲ. ಮಲಗಿಕೊಂಡೇ ಅವನು ಕಂಡುಹಿಡಿದ.

ದರ್ಜಿ ಸುಧಾರಿಸಿದ. ಒಂದು ದಿನ ಬೆಳಗ್ಗೆ ತೆಗೆದ ರಕ್ತದ ರಿಪೋರ್ಟು ಚೆನ್ನಾಗಿ ಬಂತು. ಮಾಸ್ಕು ತೆಗೆದು ಸಾಮಾನ್ಯ ವಾರ್ಡಿಗೆ ಕಳಿಸಿದರು. ಇವರು ಖುಷಿಯಾಗಿ ಮನೆಗೆ ಬಂದರು. ಮರುದಿನ ಬೆಳಗ್ಗೆ ಹೋಗುವಷ್ಟರಲ್ಲಿ ಆ ಹಾಸಿಗೆ ಖಾಲಿ. ದರ್ಜಿ ಬೆಳಗಿನ ಜಾವವೇ ತೀರಿಕೊಂಡಿದ್ದ.

ಇವರಿಗೆ ದುಃಖವಾಯಿತು. ಆದರೆ ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಸಾವು ಹೊಸದಲ್ಲ. ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಸರಿಹೋದರು.

ಅದಾಗಿ ಎರಡು ತಿಂಗಳಿಗೆ ಲ್ಯಾಬಿಗೆ ಹೊಸ ಮೇಡಂ ಬಂದರು. ಸಣ್ಣ ವಯಸ್ಸು, ಗಟ್ಟಿ ಗಂಟಲು. ಬಂದ ವಾರದಲ್ಲೇ ಇವರ ಡಬ್ಬ ತೆರೆಸಿ ನೋಡಿದರು.

"ಅಣ್ಣಾ, ಇದೇನಿದು?"

"ಐಸು ಮೇಡಂ."

"ಐಸು ಅಂತ ಕಾಣ್ತಿದೆ. ಪ್ಲಾಸ್ಟಿಕ್ ಸಿರಿಂಜನ್ನ ಯಾಕೆ ಐಸಲ್ಲಿ ಇಟ್ಟಿದೀರಿ?"

"ನಾನು ಮೊದಲಿಂದ ಹೀಗೇ ತರೋದು. ಕೇಳಿ ನೋಡಿ ಯಾರನ್ನಾದ್ರೂ."

ಮೇಡಂ ಬೈಯಲಿಲ್ಲ. ಮಧ್ಯಾಹ್ನ ಕೆಲಸ ಕಡಿಮೆ ಇದ್ದಾಗ ಪರೀಕ್ಷೆ ಮಾಡಿಯೇ ತೋರಿಸುತ್ತೇನೆ ಅಂದರು. ಅದಕ್ಕೆ ರಕ್ತ ಬೇಕು. ಇವರು ಶರ್ಟಿನ ತೋಳು ಮಡಚಿ ತಮ್ಮ ಕೈಯನ್ನೇ ಚಾಚಿದರು. ಗೆಲ್ಲುತ್ತೇನೆ ಅನ್ನುವ ಧೈರ್ಯ. ಡಾಕ್ಟರೊಬ್ಬರು ಒಂದೇ ಚುಚ್ಚಿಗೆ ಮೂರು ಪ್ಲಾಸ್ಟಿಕ್ ಸಿರಿಂಜು ತುಂಬಿದರು. ಒಂದನ್ನು ಆಗಲೇ ಯಂತ್ರಕ್ಕೆ ಹಾಕಿದರು. ಎಂಬತ್ತೆಂಟು ಬಂತು. ಎರಡನೆಯದನ್ನು ಮೇಜಿನ ಮೇಲೆ ಸುಮ್ಮನೆ ಬಿಟ್ಟರು. ಮೂರನೆಯದನ್ನು ಇವರೇ ಬಟ್ಟೆ ಸುತ್ತಿ ತಮ್ಮ ಡಬ್ಬದಲ್ಲಿಟ್ಟರು. ಒಂದು ಗಂಟೆ ಬಿಟ್ಟು ನೋಡಿದರೆ ಮೇಜಿನ ಮೇಲಿದ್ದದ್ದು ಎಂಬತ್ತಾರು. ಐಸಿನಲ್ಲಿದ್ದದ್ದು ನೂರನಾಲ್ಕು.

"ಜಾಸ್ತಿ ಬಂತಲ್ಲ ಮೇಡಂ. ಒಳ್ಳೇದಲ್ವಾ?" ಅಂದರಂತೆ ಇವರು.

"ನಿಮ್ಮ ಮೈಯಲ್ಲಿ ಇಲ್ಲದ್ದು ಸಿರಿಂಜಲ್ಲಿ ಎಲ್ಲಿಂದ ಬಂತು ಅಣ್ಣಾ? ಗಾಜು ಗಾಳಿ ಬಿಡಲ್ಲ. ಪ್ಲಾಸ್ಟಿಕ್ಕು ಬಿಡತ್ತೆ. ರಕ್ತ ತಣ್ಣಗಾದಷ್ಟೂ ಆಮ್ಲಜನಕಾನ ಎಳ್ಕೊಳ್ಳತ್ತೆ, ಹೊರಗಿನ ಗಾಳೀಲಿರೋದು ಪ್ಲಾಸ್ಟಿಕ್ ದಾಟಿ ಒಳಗೆ ಬರತ್ತೆ. ಯಂತ್ರ ಆ ರಕ್ತಾನ ಬೆಚ್ಚಗೆ ಮಾಡಿ ಅಳೆಯೋದು. ಆಗ ಸುಳ್ಳು ಲೆಕ್ಕ ಬರತ್ತೆ. ಉಸಿರು ಸಾಲದೋನು ಚೆನ್ನಾಗಿದಾನೆ ಅಂತ ತೋರಿಸತ್ತೆ."

ಆ ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ನಿಮಿಷ ಹೇಳಲಿಲ್ಲ. ಒಳಗೆ ಬಂದು ಗೋಡೆಗೆ ಒರಗಿ ಕೂತರು. ಮಣಿಕಟ್ಟಿಗೆ ಹತ್ತಿ ಅಂಟಿಸಿತ್ತು.

"ಏನ್ರೀ ಅದು ಕೈಗೆ?"

ಎಲ್ಲ ಹೇಳಿದರು. ಎಂಬತ್ತೆಂಟು, ಎಂಬತ್ತಾರು, ನೂರನಾಲ್ಕು. ನಂಬರು ಹೇಳಿದ್ದರಿಂದ ನನಗೆ ಬೇಗ ಅರ್ಥವಾಯಿತು.

"ಆಗಿದ್ದು ಆಯ್ತು ಬಿಡಿ. ನಾಳೆಯಿಂದ ಐಸು ಬೇಡ. ಹೆಗಲಿಗೂ ಒಳ್ಳೇದು," ಅಂದೆ.

"ದರ್ಜಿ," ಅಂದರು.

ನನಗೆ ಆಗ ಹೊಳೆಯಿತು.

"ಅವನ ರಿಪೋರ್ಟು ಚೆನ್ನಾಗಿ ಬಂದಿತ್ತು," ಅಂದರು. "ಅದಕ್ಕೇ ಮಾಸ್ಕ್ ತೆಗೆದ್ರು. ತಂದೋನು ನಾನು."

"ನೀವು ಓಡಿಕೊಂಡು ಹೋಗೋರು. ಒಂದು ಗಂಟೆ ಎಲ್ಲಿ ಇಟ್ಟಿದ್ರಿ?"

"ಆ ವಾರ ಯಂತ್ರ ಕೈ ಕೊಟ್ಟಿತ್ತು. ಒಂದಿನ ಸರಿ ಇದ್ರೆ ಒಂದಿನ ಇಲ್ಲ. ರಕ್ತ ಎಲ್ಲ ನನ್ನ ಡಬ್ಬದಲ್ಲೇ ಕಾಯ್ತಾ ಇತ್ತು. ಅವನದು ಯಂತ್ರ ಸರಿ ಇದ್ದ ದಿನದ್ದೋ ಕೆಟ್ಟ ದಿನದ್ದೋ, ಎಷ್ಟೊತ್ತು ಕಾಯ್ತು, ನೆನಪೇ ಆಗ್ತಿಲ್ಲ."

"ಮೇಡಂನ ಕೇಳಿ."

"ಕೇಳ್ತೀನಿ."

ಕೇಳಲಿಲ್ಲ.

ಮರುದಿನ ಎಲ್ಲ ವಾರ್ಡಿಗೂ ಮೇಡಂ ಒಂದು ನೋಟೀಸು ಬರೆದರು. ಪ್ಲಾಸ್ಟಿಕ್ ಸಿರಿಂಜನ್ನು ಐಸಿನಲ್ಲಿ ಇಡಬಾರದು, ಅರ್ಧ ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಬೇಕು ಅಂತ. ಗೋಡೆಗೋಡೆಗೆ ಗೋಂದು ಹಚ್ಚಿ ಅಂಟಿಸಿದವರು ಇವರೇ. ಜೊತೆಯವರು ಬಿಡುತ್ತಾರಾ?

"ಏನಪ್ಪಾ ಐಸ್‌ಪೆಟ್ಟಿಗೆ, ಕರಗಿ ಹೋದ್ಯಾ?"

ನಗಿಸಲು ಹೇಳಿದ್ದು. ಇವರು ನಗಲಿಲ್ಲ. ಡಬ್ಬವನ್ನು ಮನೆಗೆ ತಂದು ಅಟ್ಟದ ಮೇಲೆ ಹಾಕಿದರು.

ಆಮೇಲೆ ಐದು ವರ್ಷ ಕೆಲಸ ಮಾಡಿದರು. ಸಿರಿಂಜನ್ನು ಒಂದು ತಟ್ಟೆಯಲ್ಲಿಟ್ಟುಕೊಂಡು ಒಯ್ಯುತ್ತಿದ್ದರು. ಹಿಂದಿಗಿಂತ ಜೋರಾಗಿ ನಡೆಯುತ್ತಿದ್ದರು ಅಂತ ನೋಡಿದವರು ಹೇಳಿದರು. ಮನೆಗೆ ಬಂದು ಒಂದು ದಿನವೂ ನಿಮಿಷ ಹೇಳಲಿಲ್ಲ. ಮೊದಮೊದಲು ನಾನೇ ಕೇಳಿದೆ.

"ಇವತ್ತೆಷ್ಟು?"

"ನೋಡಲಿಲ್ಲ."

ನಾಲ್ಕು ಸಲ ಕೇಳಿ, ಆಮೇಲೆ ಕೇಳುವುದು ಬಿಟ್ಟೆ. ದರ್ಜಿಯ ಮಾತು ಎತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದರು. ಒಂದೇ ಒಂದು ಸಲ ಜೋರು ಮಾಡಿದೆ.

"ನೀವು ಕೇಳದಿದ್ರೆ ನಾನು ಹೋಗಿ ಕೇಳ್ತೀನಿ ಮೇಡಂನ. ಹೌದೋ ಅಲ್ವೋ, ಎರಡರಲ್ಲಿ ಒಂದು ಗೊತ್ತಾಗಲಿ."

"ಹೋಗಬೇಡ," ಅಂದರು. "ಈಗ ಅರ್ಧ ಇದೆ. ಹೌದು ಅಂದುಬಿಟ್ರೆ ಪೂರ್ತಿ ಆಗತ್ತೆ. ಪೂರ್ತಿ ಹೊರೋಕೆ ನನ್ನ ಕೈಲಾಗಲ್ಲ."

ನಾನು ಸುಮ್ಮನಾದೆ. ಸುಮ್ಮನಾದದ್ದು ತಪ್ಪು. ಅರ್ಧ ಹೊರೆ ಹಗುರ ಅಂತ ಅವರು ತಿಳಿದಿದ್ದರು, ನಾನೂ ನಂಬಿದೆ. ಅರ್ಧವನ್ನು ಇಳಿಸಲು ಜಾಗವೇ ಇರುವುದಿಲ್ಲ. ಒಂದೇ ಕೋಣೆಯಲ್ಲಿ ಇಬ್ಬರು ಕೂತಿರುತ್ತಿದ್ದೆವು, ಒಬ್ಬೊಬ್ಬರೇ. ನಿವೃತ್ತಿಯಾದ ಮೇಲೆ ಇನ್ನೂ ಕಡೆ. ಕಿಟಕಿ ಹತ್ತಿರ ಕುರ್ಚಿ ಹಾಕಿಕೊಂಡು ಎಡ ಹೆಗಲು ಒತ್ತಿಕೊಳ್ಳುತ್ತ ಕೂರುತ್ತಿದ್ದರು. ಡಬ್ಬ ಇಳಿಸಿ ಎಷ್ಟು ವರ್ಷವಾದರೂ ಹೆಗಲು ಮೇಲೆ ಬರಲಿಲ್ಲ.

ಈಗ ಆ ಕುರ್ಚಿಯಲ್ಲಿ ನಾನು ಒಣಗಿದ ಬಟ್ಟೆ ಹಾಕುತ್ತೇನೆ. ಖಾಲಿ ಇದ್ದರೆ ಕಣ್ಣು ಅಲ್ಲೇ ಹೋಗುತ್ತದೆ. ಅನ್ನಕ್ಕೆ ಒಂದು ಲೋಟ ಅಕ್ಕಿ ಹಾಕಿ ರೂಢಿ. ಅರ್ಧ ಹಾಕಿದರೆ ತಳ ಹಿಡಿಯುತ್ತದೆ. ಒಂದೇ ಹಾಕುತ್ತೇನೆ. ಎರಡು ಹೊತ್ತು ಅದೇ ತಿನ್ನುತ್ತೇನೆ.

ಹೋದ ವಾರ ನಾದಿನಿ ಬಂದಳು. ಇವರ ತಂಗಿ. ಬಾಯಿ ಜೋರು, ಮನಸ್ಸು ಒಳ್ಳೆಯದು. ಅಣ್ಣನ ಸಾಮಾನು ವಿಂಗಡಿಸಿ ಕೊಡುತ್ತೇನೆ ಅಂತ ಸೊಂಟಕ್ಕೆ ಸೆರಗು ಸಿಕ್ಕಿಸಿ ಸ್ಟೂಲು ಹತ್ತಿದಳು. ಅಟ್ಟದಿಂದ ಡಬ್ಬ ಎಳೆದಳು.

"ಅತ್ತಿಗೆ, ಇದನ್ನ ಇಟ್ಕೊಂಡು ಏನ್ ಮಾಡ್ತೀರಿ? ಐಸ್‌ಕ್ರೀಮ್ ಅಂಗಡಿ ಹಾಕ್ತೀರಾ?"

"ಅಲ್ಲೇ ಇರಲಿ ಬಿಡು."

"ಅಲ್ಲೇ ಇರಲಿ, ಅಲ್ಲೇ ಇರಲಿ. ಹಾಗಂದು ಅಂದೇ ನಮ್ಮಣ್ಣ ಅಟ್ಟ ತುಂಬಿಸಿದ್ದು. ಒಳಗೆ ಇಲಿ ಮರಿ ಹಾಕಿದ್ರೂ ಗೊತ್ತಾಗಲ್ಲ." ಮುಚ್ಚಳ ತೆಗೆದಳು. "ಇಲಿ ಇಲ್ಲ. ಚೀಟಿ ಇದೆ."

ಮುಚ್ಚಳದ ಒಳಗೆ ಥರ್ಮೋಕೋಲಿನ ಸಂದಿಯಲ್ಲಿ ನಾಲ್ಕು ಮಡಿಕೆಯ ಚೀಟಿ. ಬಿಡಿಸಿದೆ. ಒಂದು ತಾರೀಕು. ಕೆಳಗೆ 'ಹಾಸಿಗೆ 6'. ಅದರ ಕೆಳಗೆ 'ಮೇಡಂಗೆ ಕೇಳುವುದು'. ಇವರ ಅಕ್ಷರ.

ಕೇಳಲು ಬರೆದುಕೊಂಡಿದ್ದರು. ಬರೆದದ್ದನ್ನು ಡಬ್ಬದಲ್ಲಿಟ್ಟು ಡಬ್ಬವನ್ನು ಅಟ್ಟದ ಮೇಲಿಟ್ಟಿದ್ದರು.

"ಯಾರಿಗೆ ಏನು ಕೇಳೋದಂತೆ?" ಅಂದಳು ನಾದಿನಿ.

"ನಾನು ಹೋಗಿ ಕೇಳಿ ಬರ್ತೀನಿ. ನೀನು ಊಟ ಮಾಡಿ ಬೀಗದ ಕೈ ಪಕ್ಕದ ಮನೇಲಿ ಕೊಟ್ಟು ಹೋಗು," ಅಂದೆ. ಆಗಲೇ ಚಪ್ಪಲಿ ಮೆಟ್ಟಿದ್ದೆ.

ಲ್ಯಾಬಿನ ಬಾಗಿಲಲ್ಲಿ ಒಂದು ಸ್ಟೂಲು ಇದೆ. ಇವರು ಕೂರುತ್ತಿದ್ದ ಸ್ಟೂಲು. ನಾನು ಅದರ ಮೇಲೆ ಕೂರಲಿಲ್ಲ, ಪಕ್ಕ ನಿಂತೆ. ಮೇಡಂ ನೋಡಿ ಹೊರಗೆ ಬಂದರು. ಕೂದಲು ಅಲ್ಲಲ್ಲಿ ನರೆತಿತ್ತು.

"ಅಮ್ಮಾ, ಬನ್ನಿ ಒಳಗೆ. ಅಣ್ಣ ಹೋದಾಗ ನಾನು ಊರಲ್ಲಿರಲಿಲ್ಲ."

ಸಮಾಧಾನದ ಮಾತು ಮುಗಿಯುವ ತನಕ ಕಾಯಲು ನನಗೆ ಆಗಲಿಲ್ಲ. ಚೀಟಿ ಕೊಟ್ಟೆ. ದರ್ಜಿಯ ವಿಷಯ ಹೇಳಿದೆ. ಆವತ್ತಿನ ರಕ್ತ ಐಸಿನಲ್ಲಿ ಎಷ್ಟು ಹೊತ್ತು ಇತ್ತು ಅಂತ ಗೊತ್ತಾಗುತ್ತದಾ ಅಂತ ಕೇಳಿದೆ.

ಮೇಡಂ ಚೀಟಿ ನೋಡಿದರು, ನನ್ನನ್ನು ನೋಡಿದರು.

"ಇಷ್ಟು ವರ್ಷ ಇದನ್ನ ಮನಸ್ಸಲ್ಲಿಟ್ಕೊಂಡಿದ್ರಾ? ಬೆಳಗ್ಗೆ ಸಂಜೆ ನನ್ನ ಎದುರಿಗೇ ಕೂತಿರ್ತಿದ್ರಲ್ಲಾ."

"ಸಿಗತ್ತಾ ಮೇಡಂ?"

"ಹಳೇ ರಿಜಿಸ್ಟರ್ ಎಲ್ಲ ಮುಂದಿನ ತಿಂಗಳು ವಿಲೇವಾರಿ ಮಾಡ್ತಾರೆ. ನಿಮ್ಮ ಪುಣ್ಯ, ಇನ್ನೂ ಇವೆ."

ಸ್ಟೂಲಿನ ಎದುರಿಗೇ ಒಂದು ಕಬ್ಬಿಣದ ಬೀರು. ಅದನ್ನು ತೆರೆದರು. ಸ್ಟೂಲಿನಿಂದ ಅಲ್ಲಿಗೆ ಐದು ಹೆಜ್ಜೆ ಇರಬಹುದು. ಧೂಳು ಕೊಡವಿ ಒಂದು ಉದ್ದನೆಯ ಪುಸ್ತಕ ಎಳೆದು ತಾರೀಕು ಹುಡುಕಿದರು. ಪ್ರತಿ ಸಾಲಿನ ಮುಂದೆ ಯಂತ್ರ ಕೊಟ್ಟ ಚೀಟಿಯನ್ನು ಅಂಟಿಸಿತ್ತು. ಆ ಚೀಟಿಗಳೆಲ್ಲ ಬೆಳ್ಳಗೆ, ಖಾಲಿ.

"ಇದರಲ್ಲಿ ಏನೂ ಇಲ್ವಲ್ಲ," ಅಂದೆ.

"ಯಂತ್ರದ ಕಾಗದ ಹಾಗೇ ಅಮ್ಮಾ, ಒಂದೆರಡು ವರ್ಷಕ್ಕೆ ಮಾಸಿಹೋಗತ್ತೆ. ಆದರೆ ಇಲ್ಲಿ ನೋಡಿ, ಹೊತ್ತನ್ನ ಪೆನ್ನಲ್ಲಿ ಬರೆದಿದೆ. ತೆಗೆದ ಹೊತ್ತು, ತಂದ ಹೊತ್ತು, ಇವೆರಡನ್ನ ತಂದವರು ಬರೀಬೇಕು. ಯಂತ್ರಕ್ಕೆ ಹಾಕಿದ ಹೊತ್ತನ್ನ ಇಲ್ಲಿಯವರು ಬರೀತಾರೆ."

ತಂದವರು ಅಂದರೆ ಇವರು. ಇವರ ಏಳಕ್ಕೆ ನಡುವೆ ಒಂದು ಅಡ್ಡಗೀಟು ಇರುತ್ತದೆ. ಪುಟದ ತುಂಬ ಆ ಏಳುಗಳು ಕಂಡವು. ಮೇಡಂ ಬೆರಳಿಡುವ ಮೊದಲೇ ನನಗೆ ಸಾಲು ಸಿಕ್ಕಿತು. ಹಾಸಿಗೆ ಆರು. ತೆಗೆದದ್ದು ಹತ್ತು ಹದಿನೇಳು. ತಂದದ್ದು ಹತ್ತು ಇಪ್ಪತ್ತೆರಡು. ಮೂರನೆಯದು ಬೇರೆ ಕೈ, ಹತ್ತು ಇಪ್ಪತ್ತಾರು.

ನಾನು ಬೆರಳು ಮಡಚಿ ಎಣಿಸಿದೆ. ಎರಡನೇ ಸಲ ಎಣಿಸಿದೆ.

"ಒಂಬತ್ತು," ಅಂದೆ.

"ಒಂಬತ್ತು," ಅಂದರು ಮೇಡಂ. "ಒಂಬತ್ತು ನಿಮಿಷಕ್ಕೆ ಐಸು ಹೇಳಿಕೊಳ್ಳೋ ಅಂಥದ್ದೇನೂ ಮಾಡಲ್ಲ ಅಮ್ಮಾ. ಅವತ್ತು ನಮ್ಮ ಪರೀಕ್ಷೇಲಿ ಒಂದು ಗಂಟೆ ಇಟ್ಟಿದ್ದು. ದರ್ಜಿ ರಿಪೋರ್ಟು ಆ ಹೊತ್ತಿಗೆ ಸರಿಯಾಗೇ ಇತ್ತು. ಆಮೇಲೆ ಅವರಿಗೆ ಏನಾಯ್ತು ಅನ್ನೋದು ಬೆಳಗ್ಗೆ ತೆಗೆದ ರಕ್ತಕ್ಕೆ ಗೊತ್ತಿರಲ್ಲ. ನನ್ನ ಹತ್ರ ಬಾಯಿಬಿಟ್ಟಿದ್ರೆ ಆವತ್ತೇ ತೆಗೆದು ತೋರಿಸ್ತಿದ್ದೆ."

ನಾನು ಪುಟ ತಿರುಗಿಸಿದೆ. ಮೇಡಂ ಕೈ ಅಡ್ಡ ತಂದರು, ಆಮೇಲೆ ತೆಗೆದರು. ಮರುದಿನದ ಪುಟ. ಯಂತ್ರ ಕೆಟ್ಟದ್ದು ಆವತ್ತು. ತೆಗೆದದ್ದು, ತಂದದ್ದು ಎರಡೂ ಹತ್ತಿರ ಹತ್ತಿರ, ನಡುವೆ ಐದು, ಆರು ನಿಮಿಷ. ಮೂರನೆಯದು ದೂರ. ನಲವತ್ತೆಂಟು ನಿಮಿಷ. ಐವತ್ತೈದು. ಒಂದು ಗಂಟೆ ಹತ್ತು. ಅಂಥವು ಏಳು ಸಾಲು.

"ಇವರು?" ಅಂದೆ.

"ಗೊತ್ತಿಲ್ಲ ಅಮ್ಮಾ. ಡಾಕ್ಟರು ಇದೊಂದೇ ನೋಡಲ್ಲ, ರೋಗೀನೂ ನೋಡ್ತಾರೆ. ಏನೂ ಆಗಿಲ್ಲದೇ ಇರಬಹುದು. ಆಗಿಲ್ಲ ಅಂತ ಸುಳ್ಳು ಹೇಳಲಾರೆ. ಮತ್ತೆ ಇದು ಅಣ್ಣ ಒಬ್ಬರ ತಪ್ಪಲ್ಲ. ಗಾಜು ತೆಗೆದ ದಿನ ಐಸು ನಿಲ್ಲಿಸಿ ಅಂತ ಹೇಳಬೇಕಾದೋರು ನಾವು."

ಅವರು ಸುಳ್ಳು ಹೇಳದಿದ್ದಕ್ಕೆ ಒಂಬತ್ತನ್ನು ನಾನು ನಂಬಿದೆ. ಪುಸ್ತಕ ಮುಚ್ಚಿದೆ. ನಾನು ಕೇಳಲು ಬಂದದ್ದು ಒಬ್ಬನ ಲೆಕ್ಕ. ಅದು ಸಿಕ್ಕಿತು. ಆ ಏಳು ಜನರ ಲೆಕ್ಕ ಇನ್ನು ನನ್ನ ಹತ್ತಿರ ಇರುತ್ತದೆ. ಇರಲಿ.

ಮನೆಗೆ ನಡೆದುಕೊಂಡೇ ಬಂದೆ. ದಾರಿಯುದ್ದಕ್ಕೂ ಅವರ ಮೇಲೆ ಸಿಟ್ಟು. ಐದು ಹೆಜ್ಜೆ. ಎದುರಿಗೇ ಬೀರು. ಒಳಗೆ ಅವರದೇ ಕೈಬರಹ. ಐದು ವರ್ಷ ಅದರ ಮುಂದೆ ಕೂತಿದ್ದರು, ಎದ್ದು ತೆಗೆದು ನೋಡಲಿಲ್ಲ. ನನ್ನನ್ನೂ ನೋಡಲು ಬಿಡಲಿಲ್ಲ. ಬದುಕಿದ್ದರೆ ನಾಲ್ಕು ಬೈದು ಹಗುರ ಆಗುತ್ತಿದ್ದೆ. ಸತ್ತವರ ಮೇಲಿನ ಸಿಟ್ಟನ್ನು ಯಾರ ಮೇಲೆ ತೀರಿಸುವುದು?

ಬೀದಿಯ ತಿರುವಿನಲ್ಲಿ ಒಬ್ಬರು ಎದುರಾದರು. ಎಲ್ಲಿಗೆ ಹೋಗಿದ್ರಿ ಅಂದರು. ಆಸ್ಪತ್ರೆಗೆ ಅಂದೆ. ಹುಷಾರಿಲ್ವಾ ಅಂದರು. ಹುಷಾರಾಗಿದೀನಿ ಅಂದೆ. ಹೇಳಲು ಮಾತು ಇತ್ತು, ಅವರಿಗೆ ಹೇಳುವ ಮಾತಲ್ಲ.

ಪಕ್ಕದ ಮನೆಯಲ್ಲಿ ಬೀಗದ ಕೈ ಇಸಿದುಕೊಂಡೆ. ನಾದಿನಿ ಪಾತ್ರೆ ತೊಳೆದಿಟ್ಟು ಹೋಗಿದ್ದಳು. ಡಬ್ಬವನ್ನು ಮತ್ತೆ ಅಟ್ಟಕ್ಕೆ ಹಾಕದೆ ನೆಲದ ಮೇಲೇ ಬಿಟ್ಟಿದ್ದಳು. ಕುರ್ಚಿಯ ಮೇಲಿನ ಬಟ್ಟೆ ಮಡಚಿಟ್ಟಿದ್ದಳು. ಕುರ್ಚಿ ಖಾಲಿ ಇತ್ತು.

ಸಂಜೆ ಆರಾಗಿತ್ತು. ಅವರು ಬರುತ್ತಿದ್ದ ಹೊತ್ತು. ನಾನು ಬಾಗಿಲಲ್ಲೇ ನಿಂತು ಒಂದು ಚಪ್ಪಲಿ ಬಿಟ್ಟೆ. ಇನ್ನೊಂದು ಬಿಡುತ್ತ, ಒಳಗಿನವರಿಗೆ ಕೇಳುವ ಹಾಗೆ ಹೇಳಿದೆ.

"ಒಂಬತ್ತು ನಿಮಿಷ."

ಒಂಬತ್ತು ಅಂದರೆ ಎಂಟು ದಾಟಿತು. ಸ್ವಲ್ಪ ಹೊತ್ತು ನಿಂತೆ. ದಾರೀಲಿ ಮಲಗಿದ್ರಾ ಅಂತ ಒಲೆಯ ಮುಂದಿನಿಂದ ಯಾರೂ ಕೂಗಲಿಲ್ಲ. ಕೂಗಬೇಕಾದವಳು ಬಾಗಿಲಲ್ಲಿ ನಿಂತಿದ್ದಳು. ಒಳಗೆ ಹೋಗಿ ದೀಪ ಹಾಕಿದೆ.